ಗಿನಿ ಮರಿಗಳಿಗೆ ನಾನು ಕಲಸಿದ ಹಿಟ್ಟು

ಗಿನಿ ಕೋಳಿಯ ಮೊಟ್ಟೆ ಒಡೆದು ಮರಿ ಬರಲು ಇಪ್ಪತ್ತೇಳು ದಿನ ಬೇಕು. ಆ ಬೇಸಿಗೆಯಲ್ಲಿ ಈ ಒಂದು ಮಾತನ್ನು ನಾನು ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ, ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಗುರುತು ಹಾಕಿ ತೋರಿಸಿದೆ. ಆದರೂ ಇಪ್ಪತ್ತೆರಡನೆಯ ದಿನ ನಮ್ಮ ಮಾಲೀಕರು ಕಾವು ಯಂತ್ರದ ಬಾಗಿಲು ತೆರೆದು ನಿಂತು, "ಬಾಯಿ, ಒಂದೂ ಒಡೆದಿಲ್ಲ. ಕೆಟ್ಟಿರಬೇಕು, ತೆಗೆದು ಚೆಲ್ಲಿಸಿ," ಎಂದರು. ಅವರು ಹಾಗೆ ಮಾತಾಡುತ್ತ ನಿಂತಷ್ಟು ಹೊತ್ತೂ ಒಳಗಿನ ಶಾಖ ಹೊರಗೆ ಹೋಗುತ್ತಿತ್ತು. ನಾನು ಅವರನ್ನು ದಾಟಿ ಹೋಗಿ ಬಾಗಿಲು ಮುಚ್ಚಿದೆ. "ಇನ್ನೂ ಐದು ದಿನ ಇದೆ ಸಾಹೇಬರೆ," ಎಂದೆ. "ಕೋಳಿಗೆ ಇಪ್ಪತ್ತೊಂದೇ ಅಲ್ಲವೆ?" ಎಂದರು. ಅದು ಕೋಳಿಗೆ ಸಾಹೇಬರೆ, ಎಂದು ಆರನೆಯ ಸಲವೋ ಏಳನೆಯ ಸಲವೋ ಹೇಳಿದೆ.

ಪುಣೆಯಿಂದ ಸಾಸವಡಕ್ಕೆ ಹೋಗುವ ದಾರಿಯಲ್ಲಿ, ಘಾಟು ಹತ್ತುವ ಮೊದಲೇ ಸಿಗುತ್ತಿತ್ತು ನಮ್ಮ ಫಾರ್ಮು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ ಪುಣೆಗೆ ಬಂದ ನಾನು ಅಲ್ಲಿ ಕೋಳಿ ಆಹಾರದ ಉಸ್ತುವಾರಿ ನೋಡುತ್ತಿದ್ದೆ. ಮೊಟ್ಟೆ ಕೋಳಿಗಳ ಮಟ್ಟಿಗೆ ಎಲ್ಲವೂ ಒಂದು ಪದ್ಧತಿಯಲ್ಲಿ ನಡೆದಿತ್ತು. ಅಷ್ಟರಲ್ಲಿ ಲೋಣಾವಳಾದ ಹೋಟೆಲಿನವರೊಬ್ಬರು, ಗಿನಿ ಕೋಳಿ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತೇವೆ ಎಂದು ಮಾಲೀಕರಿಗೆ ಹೇಳಿದರು. ಮರುವಾರವೇ ಮಾಲೀಕರು ಶಿರೂರಿನ ಕಡೆಯ ರೈತರೊಬ್ಬರಿಂದ ಬೂದು ಮೈಯ, ಬಿಳಿ ಚುಕ್ಕಿಯ ದೊಡ್ಡ ಹಕ್ಕಿಗಳ ಹಿಂಡೊಂದನ್ನು ಲಾರಿಯಲ್ಲಿ ತರಿಸಿದರು. ಅವುಗಳ ಕೂಗಿಗೆ ಪಕ್ಕದ ಶೆಡ್ಡಿನ ಕೋಳಿಗಳು ಎರಡು ದಿನ ಮೊಟ್ಟೆ ಕಡಿಮೆ ಮಾಡಿದವು.

ಈ ಹಕ್ಕಿ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ಬೇಸಿಗೆಯಲ್ಲಿ ಶುರುಮಾಡಿ ಮಳೆಗಾಲ ಮುಗಿಯುವಷ್ಟರಲ್ಲಿ ನಿಲ್ಲಿಸುತ್ತದೆ. ಲೆಕ್ಕ ಹಾಕಿದರೆ ನಮಗೆ ಸಿಗುವುದು ಮೂರು ಸಲದ ಮರಿ ಮಾತ್ರ. ಮೂರೂ ಕೈಕೊಟ್ಟರೆ ದೊಡ್ಡ ಹಕ್ಕಿಗಳನ್ನೇ ಕೊಯ್ಯಲು ಕಳಿಸಿ ಈ ಕೆಲಸ ಮುಚ್ಚುತ್ತೇನೆ ಎಂದು ಮಾಲೀಕರು ಮೊದಲೇ ಹೇಳಿದ್ದರು. ಮರಿ ಸಾಕುವ ಜವಾಬ್ದಾರಿಯನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಅದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ಮೊದಲ ಸಲ ಅರವತ್ತೆರಡು ಮರಿ ಬಂದವು. ಅಳಿಲಿನ ಹಾಗೆ ಬೆನ್ನ ಮೇಲೆ ಕಂದು ಪಟ್ಟೆ, ಕೆಂಪು ಕಾಲು. ಅಂಗೈಯಲ್ಲಿ ಎರಡು ಕೂರುವಷ್ಟು ಚಿಕ್ಕವು. ಅವುಗಳಿಗೆ ಬೇರೆ ಆಹಾರ ಕಲಸಬೇಕು ಎಂದು ನಾನು ಬರೆದು ಕೊಟ್ಟ ಚೀಟಿ ಉಗ್ರಾಣದ ಮೇಜಿನ ಮೇಲೆ ಹನ್ನೊಂದು ದಿನ ಕೂತಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದವರು ಬಾಗಲಕೋಟೆ ಕಡೆಯವರು, ವಯಸ್ಸಾದವರು, ಮಾತಿನಲ್ಲಿ ಬೆಲ್ಲ. "ಬಾಯಾರ, ಮರಿ ಅಂದ್ರ ಮರಿನ ಅಲ್ರಿ. ಕೋಳಿ ಮರೀ ಹಿಟ್ಟು ಚೀಲಗಟ್ಟಲೆ ಬಿದ್ದದ. ಅದು ತೀರಲಿ, ಆಮ್ಯಾಲ ನೋಡೂಣಂತ," ಎಂದರು. ತೀರುವುದರೊಳಗೆ ಮರಿಗಳ ಕಾಲು ತಿರುಚಿಕೊಳ್ಳತೊಡಗಿದವು. ಎರಡನೆಯ ವಾರದಲ್ಲಿ ಮೊಣಕಾಲ ಗಂಟು ಊದಿ, ಮೂರನೆಯ ವಾರದಲ್ಲಿ ಅರ್ಧದಷ್ಟು ಮರಿಗಳು ಹೊಟ್ಟೆಯ ಮೇಲೆ ತೆವಳುತ್ತ ಹಿಟ್ಟಿನ ತಟ್ಟೆಯವರೆಗೆ ಬರಲಾರದೆ ಹೋದವು. ಬದುಕಿ ಉಳಿದ ಹದಿನಾಲ್ಕರಲ್ಲಿ ನೆಟ್ಟಗೆ ನಡೆಯುತ್ತಿದ್ದವು ಐದು.

ಒಂದು ಶನಿವಾರ ಕೃಷಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಕೂತೆ. ಟರ್ಕಿ ಕೋಳಿಯ ಮೇಲೆ ಒಂದು ಅಧ್ಯಾಯ ಇತ್ತು, ಗಿನಿ ಕೋಳಿಗೆ ಅದರ ಕೊನೆಯಲ್ಲಿ ಒಂದೂವರೆ ಪುಟ. ಅಷ್ಟು ಸಾಕಾಯಿತು. ಕೋಳಿ ಮರಿಯ ಹಿಟ್ಟಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಪ್ರೋಟೀನ್ ಇದ್ದರೆ ನಡೆಯುತ್ತದೆ. ಗಿನಿ ಮರಿಗೆ ಮೊದಲ ನಾಲ್ಕು ವಾರ ಇಪ್ಪತ್ತೈದರ ಹತ್ತಿರ ಬೇಕು. ನಯಾಸಿನ್ ಎಂಬ ಜೀವಸತ್ವ ಕೂಡ ಹೆಚ್ಚು ಬೇಕು, ಅದು ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಹಾಳೆ ತುಂಬ ಬರೆದುಕೊಂಡು ಬಂದೆ. ಸೋಮವಾರ ಮಾಲೀಕರ ಎದುರು ಓದಿದೆ. ಅವರು ಪೂರ್ತಿ ಕೇಳಿ, "ಪುಸ್ತಕದವರಿಗೆ ಪುಣೆಯ ಹವೆ ಗೊತ್ತೇ?" ಎಂದು ಕೇಳಿ, ಆಮೇಲೆ ಒಪ್ಪಿದರು.

ಎರಡನೆಯ ಸಲಕ್ಕೆ ನಾನೇ ಹಿಟ್ಟು ಕಲಸಿದೆ. ತಾಡಪತ್ರಿ ಹಾಸಿ, ಗೋವಿನ ಜೋಳದ ನುಚ್ಚು, ಶೇಂಗಾ ಹಿಂಡಿ, ಸ್ವಲ್ಪ ತೌಡು, ಖನಿಜದ ಪುಡಿ, ಔಷಧಿ ಅಂಗಡಿಯಿಂದ ತಂದು ಅರೆದ ಬಿ ಜೀವಸತ್ವದ ಗುಳಿಗೆ, ಇವನ್ನೆಲ್ಲ ತೂಕ ಮಾಡಿ ಸುರಿದೆ. ಪ್ರೋಟೀನ್ ಏರಿಸಲು ಮೀನಿನ ಪುಡಿಯನ್ನು ಕೋಳಿಗೆ ಹಾಕುವುದಕ್ಕಿಂತ ಮೂರು ಪಟ್ಟು ಹೆಚ್ಚು ಹಾಕಿದೆ, ನೂರಕ್ಕೆ ಹದಿನೈದು ಪಾಲು. ಕೊಕ್ಕು ಸಣ್ಣದು, ದಪ್ಪ ನುಚ್ಚು ಹಿಡಿಯುವುದಿಲ್ಲ. ಎಲ್ಲವನ್ನೂ ರವೆ ಜರಡಿಯಲ್ಲಿ ಆಡಿದೆ. ನುಣುಪಾದ ಕಾಗದದ ಮೇಲೆ ಕಾಲು ಜಾರಿ ಅಗಲವಾಗುತ್ತದೆಂದು ಮರಿಗಳಿಗೆ ಶಾಖ ಕೊಡುವ ಬ್ರೂಡರಿನ ಕೆಳಗೆ ಗೋಣಿತಟ್ಟು ಹಾಸಿದೆ. ನೀರಿನ ತಟ್ಟೆಯಲ್ಲಿ ಬಿದ್ದು ಮುಳುಗದ ಹಾಗೆ ಬೆಣಚುಕಲ್ಲು ತುಂಬಿಸಿದೆ.

ಇದರಲ್ಲೆಲ್ಲ ನನ್ನ ಜೊತೆ ಇದ್ದವಳು ಒಬ್ಬ ಕೆಲಸದ ಹೆಂಗಸು. ಯಾದಗಿರಿ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಗಂಡನ ಜೊತೆ ಹಡಪಸರದಲ್ಲಿ ಕಟ್ಟಡದ ಕೆಲಸಕ್ಕೆ ಬಂದು, ಇಟ್ಟಿಗೆ ಹೊತ್ತು ಸೊಂಟ ಕೆಟ್ಟ ಮೇಲೆ ನಮ್ಮಲ್ಲಿ ಸೇರಿದ್ದಳು. ಫಾರ್ಮಿನಲ್ಲಿ ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ನೀವು ಎಂದೇ ಮಾತಾಡುತ್ತಿದ್ದೆ.

ಎಪ್ಪತ್ತನಾಲ್ಕು ಮರಿಗಳನ್ನು ಎರಡು ಗೂಡಿಗೆ ಸಮನಾಗಿ ಹಂಚಿದೆವು. ಒಂದು ಗೂಡು ನಾನು ಕೂತು ಬರೆಯುವ ಮೇಜಿನ ಪಕ್ಕದಲ್ಲೇ ಇತ್ತು. ಇನ್ನೊಂದು ಗೋಡೆಯ ಆಚೆ, ಪಡಸಾಲೆಯ ತುದಿಯಲ್ಲಿ. ಎರಡಕ್ಕೂ ಒಂದೇ ಹಿಟ್ಟು, ಒಂದೇ ಶಾಖ. ಮೊದಲ ನಾಲ್ಕು ದಿನ ಬೇಯಿಸಿದ ಮೊಟ್ಟೆಯನ್ನು ಹಿಟ್ಟಿನ ಜೊತೆ ಪುಡಿಮಾಡಿ ಕೊಟ್ಟೆವು. ಮರಿಗಳು ಚುರುಕಾಗಿದ್ದವು. ಒಂದೂ ಸಾಯಲಿಲ್ಲ. ಮಾಲೀಕರು ಹೋಟೆಲಿಗೆ ಫೋನ್ ಮಾಡಿದರು.

ಐದನೆಯ ದಿನದಿಂದ ಬರಿ ಹಿಟ್ಟು. ಆರನೆಯ ದಿನ ನೀರಿನ ತಟ್ಟೆ ಬೆಳಿಗ್ಗೆಯೇ ಖಾಲಿ. ಏಳನೆಯ ದಿನ ಹಾಸು ಒದ್ದೆ, ಕಾಲಿಟ್ಟರೆ ಪಿಚಕ್ಕನ್ನುತ್ತಿತ್ತು. ಮರಿಗಳ ಗಂಟಲ ಚೀಲ ನೀರು ತುಂಬಿ ಜೋತಾಡುತ್ತಿತ್ತು. ಎಂಟನೆಯ ದಿನ ಆರು ಮರಿಗಳು ಅಂಗಾತ ಬಿದ್ದು ಕಾಲನ್ನು ಗಾಳಿಯಲ್ಲಿ ತುಳಿಯುತ್ತ ಸತ್ತವು.

ಪಶುವೈದ್ಯರನ್ನು ಕರೆಸಿದೆವು. ಒದ್ದೆ ಹಾಸು ನೋಡಿ, ಕರುಳಿನ ರೋಗ ಎಂದು ನೀರಿಗೆ ಹಾಕುವ ಔಷಧಿ ಬರೆದರು. ಮಾಲೀಕರು ಮಳೆಗಾಲದ ತಂಡಿ ಎಂದರು. ಉಗ್ರಾಣದವರು, "ಹೊಸಾ ಹಿಟ್ಟಿಗೆ ಯಾರರೆ ಕಣ್ಣ ಹಾಕ್ಯಾರ ನೋಡ್ರಿ ಬಾಯಾರ," ಎಂದರು. ನಾನು ಓದಿದವಳಲ್ಲವೆ, ನಾನೂ ಒಂದು ತೀರ್ಮಾನ ಮಾಡಿದೆ. ಅತಿಯಾಗಿ ಕುಡಿಯುವುದರಿಂದಲೇ ಹಾಸು ಒದ್ದೆ, ಒದ್ದೆಯಿಂದಲೇ ರೋಗ. ಆದ್ದರಿಂದ ನೀರನ್ನು ಹೊತ್ತು ಹೊತ್ತಿಗೆ ಮಾತ್ರ ಇಡಬೇಕು. ಉಳಿದ ಸಮಯ ತಟ್ಟೆ ಎತ್ತಿಬಿಡಬೇಕು. ಮಾವಶಿಗೆ ಹೇಳಿದೆ. ಅವಳು ತಟ್ಟೆ ಎತ್ತಿದಳು.

ಮರುದಿನ ನನ್ನ ಮೇಜಿನ ಪಕ್ಕದ ಗೂಡಿನಲ್ಲಿ ಹದಿನೇಳು ಸತ್ತವು. ಅದರ ಮರುದಿನ ಒಂಬತ್ತು. ಗೋಡೆಯ ಆಚೆಯ ಗೂಡಿನಲ್ಲಿ ಎರಡು ದಿನಕ್ಕೂ ಸೇರಿ ಸತ್ತದ್ದು ಮೂರು. ಸತ್ತವನ್ನು ಸಾಲಾಗಿ ಇಟ್ಟು ಎಣಿಸುವಾಗ ನನಗೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಒಂದೇ ಹಿಟ್ಟು, ಒಂದೇ ಶಾಖ, ಒಂದೇ ದಿನ ಹುಟ್ಟಿದ ಮರಿ. ಹೀಗೇಕೆ ಎಂದು ಕೇಳಿದರೆ ಯಾರಿಂದಲೂ ಉತ್ತರವಿಲ್ಲ, ಸಲಹೆ ಮಾತ್ರ ಎಲ್ಲರಿಂದಲೂ ಇತ್ತು.

ಎರಡೂ ಗೂಡಿನ ಮಿಕ್ಕ ಹಿಟ್ಟನ್ನು ತೂಗಿದೆ. ಆಚೆಯ ಗೂಡಿನವು ಇಲ್ಲಿಯವು ತಿಂದದ್ದರಲ್ಲಿ ಅರ್ಧವನ್ನೂ ತಿಂದಿರಲಿಲ್ಲ. ಆದರೆ ಹೊಟ್ಟೆ ತುಂಬಿಯೇ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ, ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಆಚೆ ಹೋದೆ. ಮಾವಶಿ ಗೂಡಿನ ಪಕ್ಕ ಕೂತು ತನ್ನ ಜೋಳದ ಭಕ್ರಿಯನ್ನು ನೀರಿನಲ್ಲಿ ನೆನೆಸಿ, ಬೆರಳಿನಿಂದ ಸಣ್ಣಗೆ ಮುರಿದು ಹಾಕುತ್ತಿದ್ದಳು. ನಾನು ಎತ್ತಿಡಲು ಹೇಳಿದ್ದ ನೀರಿನ ತಟ್ಟೆ ಒಳಗೇ ಇತ್ತು, ತುಂಬಿತ್ತು.

"ಏನ್ ಮಾಡಾಕತ್ತಿ ನೀ?" ಎಂದೆ. ನೀವು ಹೋಗಿ ನೀ ಬಂದದ್ದು ಇಬ್ಬರಿಗೂ ಕೇಳಿಸಿತು.

ಅವಳು ಎದ್ದು ನಿಲ್ಲಲಿಲ್ಲ. "ಅವು ತಿನ್ನವಲ್ಲವು ಅಕ್ಕಾರ ನಿಮ್ಮ ಹಿಟ್ಟ. ಒಂದ್ ಸಲ ಬಾಯಾಗ ಹಾಕ್ಕೊಂಡು ಕೊಕ್ಕ ತಟ್ಟಿಗೆ ಒರಸ್ತಾವ. ಹಸದ ಒದರಿದ್ರ ನಾ ಹ್ಯಾಂಗ ಉಣ್ಣಲಿ?"

"ಮತ್ತ ನೀರು? ನೀರು ಎತ್ತಂತ ಹೇಳಿದ್ದಿಲ್ಲೇನು?"

"ಹೇಳಿದ್ರಿ. ನೀವು ಹೇಳ್ದಾಗ ಎತ್ತಿದೆ. ನೀವು ಆ ಕಡಿ ಹೋದಿಂದ ಇಟ್ಟೆ."

ನಾನು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾರದ ತೂಕ, ಟಿಪ್ಪಣಿ, ಎಲ್ಲ ಹಾಳು ಮಾಡಿದೆ ಎಂದೆ. ಬರಿ ಭಕ್ರಿ ತಿಂದರೆ ಕಾಲು ಸೊಟ್ಟಗಾಗುತ್ತದೆ, ಹಿಂದಿನ ಸಲ ನೋಡಲಿಲ್ಲವೆ ಎಂದೆ. ಕೊನೆಗೆ, ನಾಳೆಯಿಂದ ಮರಿಗಳ ಹತ್ತಿರ ಬರಬೇಡ, ಮೊಟ್ಟೆ ಒರೆಸುವ ಕಡೆ ಹೋಗು ಎಂದೆ. ಅವಳು ಉಳಿದ ಭಕ್ರಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು.

ಮೇಜಿಗೆ ಬಂದು ಕೂತೆ. ಅವಳ ಮೇಲೆ ಮಾಲೀಕರಿಗೆ ವರದಿ ಬರೆಯಲು ಹಾಳೆ ತೆಗೆದೆ. ಯಾವ ಗೂಡಿನಲ್ಲಿ ಏನು ನಿಯಮ ಮುರಿದಳು, ಆ ಗೂಡಿನಲ್ಲಿ ಎಷ್ಟು ಸತ್ತವು, ಎರಡು ಸಾಲು ಬರೆದೆ. ಬರೆದದ್ದನ್ನು ನಾನೇ ಓದಿಕೊಂಡಾಗ ಕೈ ನಿಂತಿತು. ನಾನು ಹೇಳಿದ ಹಾಗೆ ನಡೆದ ಗೂಡಿನಲ್ಲಿ ಮರಿಗಳು ಸತ್ತಿದ್ದವು. ನನ್ನ ಹಿಟ್ಟು ತಿನ್ನದ, ನನ್ನ ಮಾತು ಮೀರಿ ನೀರು ಕುಡಿದ ಗೂಡಿನಲ್ಲಿ ಬದುಕಿದ್ದವು. ಕಣ್ಣು ಹಾಕಿದವರು ಯಾರೂ ಇರಲಿಲ್ಲ. ತಂಡಿಯೂ ಅಲ್ಲ.

ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲೆ ಹಾಕಿಕೊಂಡೆ. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಉಪ್ಪು. ಮನೆಯಲ್ಲಿ ಅಷ್ಟು ಉಪ್ಪಿನ ಪಲ್ಯ ಮಾಡಿದ್ದರೆ ಯಾರೂ ಎರಡನೆಯ ತುತ್ತು ಎತ್ತುತ್ತಿರಲಿಲ್ಲ. ನಾನು ಹಿಟ್ಟಿಗೆ ಉಪ್ಪು ಹಾಕಿರಲೇ ಇಲ್ಲ, ಖನಿಜದ ಪುಡಿಯಲ್ಲಿ ಇರುವಷ್ಟು ಸಾಕೆಂದು. ಅನುಮಾನ ಉಳಿದದ್ದು ಮೀನಿನ ಪುಡಿಯ ಮೇಲೆ.

ಉಗ್ರಾಣಕ್ಕೆ ಹೋಗಿ ಮೀನಿನ ಪುಡಿಯ ಚೀಲದಿಂದ ನೂರು ಗ್ರಾಂ ತೂಗಿಕೊಂಡು ಬಂದೆ. ಬಿಸಿ ನೀರಿನಲ್ಲಿ ಕದಡಿ, ಮಡಿಸಿದ ಬಟ್ಟೆಯಲ್ಲಿ ಸೋಸಿ, ಮತ್ತೆ ನೀರು ಹಾಕಿ ಸೋಸಿದೆ. ತಳದಲ್ಲಿ ಮರಳು ಉಳಿಯಿತು, ಅದು ಬೇರೆ ಕಥೆ. ಸೋಸಿದ ನೀರಿನ ಒಂದು ಹನಿಗೆ, ಉಪ್ಪನ್ನು ಗುರುತಿಸುವ ಸಿಲ್ವರ್ ನೈಟ್ರೇಟ್ ಬಿಟ್ಟ ಕೂಡಲೆ ಮೊಸರಿನ ಹಾಗೆ ಬೆಳ್ಳಗೆ ಗಟ್ಟಿಯಾಯಿತು. ಉಳಿದದ್ದನ್ನು ಪಾತ್ರೆಯಲ್ಲಿ ಹಾಕಿ ಸ್ಟೋವಿನ ಮೇಲೆ ಇಂಗಿಸಿದೆ. ತಳದಲ್ಲಿ ಕಂದು ಬಣ್ಣದ ಹಕ್ಕಳೆ ನಿಂತಿತು. ಕೆರೆದು ತೂಗಿದರೆ ಹದಿನೆಂಟು ಗ್ರಾಂ. ಅಷ್ಟೂ ಉಪ್ಪಲ್ಲ, ಆದರೆ ಬಹುಪಾಲು ಅದೇ. ಒಳ್ಳೆಯ ಮೀನಿನ ಪುಡಿಯಲ್ಲಿ ನಾಲ್ಕು ಗ್ರಾಂ ದಾಟಬಾರದು.

ಉಗ್ರಾಣದವರ ಮುಂದೆ ಪಾತ್ರೆ ಇಟ್ಟು, "ಈ ಚೀಲ ಮೊದಲಿನ ವ್ಯಾಪಾರಸ್ಥರದ ಏನ್ರಿ?" ಎಂದು ಕೇಳಿದೆ.

"ಇಲ್ರಿ, ಅದು ತೀರಿ ತಿಂಗಳಾತು. ಇದು ಬ್ಯಾರೆ ಕಡೀದು. ಮೀನ ಮೀನ ಅಲ್ಲೇನ್ರಿ ಬಾಯಾರ?"

"ನನಗ ಹೇಳಬೇಕಿತ್ತಲ್ರಿ."

"ನೀವು ಕೇಳಲಿಲ್ರಿ," ಎಂದರು. ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ದೊಡ್ಡ ಕೋಳಿಗಳಿಗೂ ಅದೇ ಪುಡಿ ಹೋಗುತ್ತಿತ್ತು. ಪಾಲು ಕಡಿಮೆ, ದೇಹ ದೊಡ್ಡದು, ನೀರು ಬೇಕಾದಷ್ಟು. ಆದ್ದರಿಂದ ಅವು ಬರಿ ತೆಳ್ಳಗೆ ಹಿಕ್ಕೆ ಹಾಕಿಕೊಂಡಿದ್ದವು. ಅದಕ್ಕೂ ಮಳೆಗಾಲ ಎಂದಿದ್ದೆವು.

ಮಾಲೀಕರ ಕೋಣೆಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಂತೆ. ಚೀಲದ ಮೇಲೆ ಎಲ್ಲ ತಪ್ಪು ಹಾಕಬಹುದಿತ್ತು, ಯಾರೂ ಬೇರೆ ಕೇಳುತ್ತಿರಲಿಲ್ಲ. ಆದರೆ ಉಪ್ಪು ತಿಂದ ಮರಿಯಿಂದ ನೀರು ಕಸಿದವಳು ನಾನು. ಆ ಎರಡು ದಿನದ ಇಪ್ಪತ್ತಾರು ಮರಿಗಳು ಚೀಲದ ಲೆಕ್ಕಕ್ಕೆ ಬರುವುದಿಲ್ಲ. ಒಳಗೆ ಹೋಗಿ ಎರಡನ್ನೂ ಹೇಳಿದೆ. ಮಾಲೀಕರು ಪಾತ್ರೆಯಿಂದ ಒಂದು ಹರಳು ತೆಗೆದು ನಾಲಿಗೆಗೆ ಇಟ್ಟುಕೊಂಡು, ಕಿಟಕಿಯ ಹೊರಗೆ ಉಗಿದು ಬಂದರು. "ಈಗ?" ಎಂದರು.

"ಮೂರನೆಯ ಸಲಕ್ಕೆ ಮೀನೇ ಬೇಡ. ಮಾವಶಿಯನ್ನು ವಾಪಸು ಕರೆಯುತ್ತೇನೆ."

"ಮೀನಿಲ್ಲದೆ ನಿಮ್ಮ ಇಪ್ಪತ್ತೈದು ಎಲ್ಲಿಂದ ಬರುತ್ತದೆ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಎರಡು ದಿನ ತಲೆ ಕೆರೆದುಕೊಂಡೆ. ಕಾವಿಗಿಟ್ಟ ಕೋಳಿ ಮೊಟ್ಟೆಗಳನ್ನು ಏಳನೆಯ ದಿನ ದೀಪದೆದುರು ಹಿಡಿದು ನೋಡಿ, ಜೀವ ಕಟ್ಟದವನ್ನು ತೆಗೆದು ಎಸೆಯುತ್ತಿದ್ದೆವು. ಇನ್ನು ಮುಂದೆ ಅವನ್ನು ಎಸೆಯದೆ ಬೇಯಿಸಿ, ಸಿಪ್ಪೆ ಸಮೇತ ಅರೆಯುವುದು. ಪಕ್ಕದ ಡೇರಿಯಿಂದ ಕೆನೆ ತೆಗೆದ ಹಾಲು ತಂದು, ಒಡೆಸಿ, ಗಟ್ಟಿಯನ್ನು ಹಿಂಡಿ ಪುಡಿಮಾಡುವುದು. ಶೇಂಗಾ ಹಿಂಡಿಯ ಜೊತೆ ಎಳ್ಳಿನ ಹಿಂಡಿ, ಹೆಂಟೆ ಹೆಂಟೆ ಒಡೆದು ನೋಡಿ, ಬೂಷ್ಟು ಕಂಡರೆ ಬದಿಗೆ. ದನಗಳಿಗೆ ಹಾಕುವ ಕುದುರೆಮಸಾಲೆ ಸೊಪ್ಪನ್ನು ಸಣ್ಣಗೆ ಕೊಚ್ಚಿ ಮೇಲೆ ಉದುರಿಸುವುದು. ಕಾಗದದ ಮೇಲೆ ಇಪ್ಪತ್ತನಾಲ್ಕೂವರೆ ಬಂತು. ಸಾಕು ಎಂದುಕೊಂಡೆ.

ಮಾವಶಿ ಬರಲು ಒಪ್ಪಲಿಲ್ಲ. ಮೊಟ್ಟೆ ಒರೆಸುವ ಕಡೆ ಕೂತು ಮಾಡುವ ಕೆಲಸ, ಸೊಂಟಕ್ಕೆ ಹಿತವಾಗಿತ್ತು. "ಇಲ್ಲೇ ಬೇಷ್ ಅದ ಅಕ್ಕಾರ. ಮೊಟ್ಟಿ ಒದರೂದಿಲ್ಲ, ಸಾಯೂದಿಲ್ಲ," ಎಂದಳು. ನಾನು ಪಕ್ಕದಲ್ಲಿ ಕೂತು ಒಂದು ಬಟ್ಟೆ ತೆಗೆದುಕೊಂಡು ಮೊಟ್ಟೆ ಒರೆಸತೊಡಗಿದೆ. ಒಂದು ತಟ್ಟೆ ಮುಗಿಯಿತು.

"ತಪ್ಪು ನಂದು, ಮಾವಶಿ. ನಿಮಗ ಹಂಗ ಅನಬಾರದಿತ್ತು."

ಅವಳು ಒರೆಸುತ್ತಲೇ ಇದ್ದಳು. "ನೀರು ನಾ ಇಡ್ತೀನಿ. ನೀವು ಎತ್ತಬಾರದು."

"ಎತ್ತೂದಿಲ್ಲ."

"ಮತ್ತ ಭಕ್ರಿ?"

ಅದಕ್ಕೆ ನಾನು ಒಪ್ಪಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ, ಅವಳೇ ಉಳಿಸಿದ್ದ ಮರಿಗಳನ್ನು ತೋರಿಸಿದೆ. ಅವುಗಳಲ್ಲಿ ಹತ್ತಕ್ಕೂ ಹೆಚ್ಚು ಆಗಲೇ ಗಂಟು ಊದಿ, ಪಾದ ಒಳಗೆ ತಿರುಗಿಸಿಕೊಂಡು ನಡೆಯುತ್ತಿದ್ದವು. ಅವಳು ಒಂದನ್ನು ಎತ್ತಿ, ಕಾಲನ್ನು ಎರಡು ಬೆರಳಿನಲ್ಲಿ ಹಿಡಿದು ನೇರ ಮಾಡಲು ನೋಡಿದಳು. ಬಿಟ್ಟ ಕೂಡಲೆ ಅದು ಮತ್ತೆ ತಿರುಗಿತು. "ಹಂಗಾರ ಭಕ್ರಿ ಬ್ಯಾಡ," ಎಂದಳು. "ಹಿಟ್ಟು ನಿಮ್ಮದು, ಆದ್ರ ಮೊದಲ ನೀವು ತಿಂದು ನೋಡ್ರಿ."

ಮೂರನೆಯ ಸಲ ಐವತ್ತೊಂದು ಮರಿ ಬಂದವು. ಪ್ರತಿ ಹೊಸ ಕಲಸಿಗೂ ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಬೇಕು, ಮಾವಶಿ ನನ್ನ ಮುಖ ನೋಡಬೇಕು, ಆಮೇಲೆ ತಟ್ಟೆ ಒಳಗೆ ಹೋಗಬೇಕು. ಆರು ವಾರ ನನ್ನ ಬಾಯಿಯಿಂದ ಹಿಂಡಿಯ ರುಚಿ ಹೋಗಲಿಲ್ಲ. ಹಾಗೆಂದು ಕಿರಿಕಿರಿ ತಪ್ಪಲಿಲ್ಲ. ಡೇರಿಯವರು ವಾರಕ್ಕೆರಡು ಸಲ ಹಾಲು ಮರೆತರು. ಉಗ್ರಾಣದವರು ಎಳ್ಳಿನ ಹಿಂಡಿಯ ಬದಲು ಎತ್ತುಗಳಿಗೆ ತಿನ್ನಿಸುವ ಹತ್ತಿಕಾಳಿನ ಹಿಂಡಿ ಕಳಿಸಿ, "ಹಿಂಡಿ ಹಿಂಡೀನ ಅಲ್ಲೇನ್ರಿ," ಎಂದರು. ಈ ಸಲ ನಾನು ಕೇಳಿದ್ದೆ, ಆದ್ದರಿಂದ ಚೀಲ ಬಿಚ್ಚುವ ಮೊದಲೇ ಹಿಂದಕ್ಕೆ ಹೋಯಿತು. ಪಶುವೈದ್ಯರು ಬಂದು ಹಾಸನ್ನು ಮುಟ್ಟಿ ನೋಡಿ, ಔಷಧಿ ಕೆಲಸ ಮಾಡಿದೆ ಎಂದರು.

ಮೊದಲ ವಾರ ನಾಲ್ಕು ಸತ್ತವು, ಆಮೇಲೆ ಮೂರು. ನಲವತ್ತನಾಲ್ಕು ಉಳಿದವು. ಮೂರನೆಯ ವಾರ ನಾನು ದಿನಾ ಒಂದೊಂದನ್ನೂ ಎತ್ತಿ ಮೊಣಕಾಲು ಒತ್ತಿ ನೋಡುತ್ತಿದ್ದೆ. ಗಂಟಿಲ್ಲ, ಊತವಿಲ್ಲ. ಕೈಯಿಂದ ತಪ್ಪಿಸಿಕೊಳ್ಳಲು ಎಷ್ಟು ಜೋರಾಗಿ ಒದೆಯುತ್ತಿದ್ದವೆಂದರೆ ಮುಂಗೈ ತುಂಬ ಗೀರು.

ಎಂಟನೆಯ ವಾರ ಅವನ್ನು ಹೊರಗಿನ ಅಂಗಳಕ್ಕೆ ಬಿಡುವುದೆಂದಾಯಿತು. ಸುತ್ತ ಆಳೆತ್ತರದ ಬೇಲಿ. ನೋಡಲು ಮಾಲೀಕರು ಬಂದಿದ್ದರು, ಜೊತೆಗೆ ಹೋಟೆಲಿನವರು. ಮಾವಶಿ ಶೆಡ್ಡಿನ ಬಾಗಿಲು ತೆಗೆದಳು. ಹಕ್ಕಿಗಳು ಹೊರಗೆ ಓಡಿ ಬಂದವು, ಒಂದು ಗಳಿಗೆ ಗುಂಪಾಗಿ ನಿಂತವು, ಎಲ್ಲವೂ ಒಟ್ಟಿಗೆ ಕತ್ತು ಎತ್ತಿದವು. ಮರುಕ್ಷಣ ಅಂಗಳ ಖಾಲಿ. ನಲವತ್ತನಾಲ್ಕೂ ಆಫೀಸಿನ ಹೆಂಚಿನ ಮೇಲೆ ಸಾಲಾಗಿ ಕೂತು ಕಿರುಚುತ್ತಿದ್ದವು. ಬೇಲಿಯ ಮೇಲೆ ಬಲೆ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಾಲೀಕರಿಗಿಲ್ಲ, ನನಗೂ ಇಲ್ಲ. ಅವುಗಳಿಗೆ ಕಾಲು ಬರಲಿ ಎಂಬ ಚಿಂತೆಯಲ್ಲಿ ರೆಕ್ಕೆಯ ವಿಷಯ ನಾನು ಯೋಚಿಸಿರಲೇ ಇಲ್ಲ.

ಮಾಲೀಕರು ಬಹಳ ಹೊತ್ತು ಮೇಲೆ ನೋಡಿದರು. "ಬಾಯಿ, ಇವಕ್ಕೆ ಏನು ತಿನ್ನಿಸಿದ್ದೀರಿ ನೀವು?" ಎಂದು ಕೇಳಿದರು. ನನಗೆ ಬಂದ ಸಿಟ್ಟಿಗೆ, ಮೊಟ್ಟೆ ಇಷ್ಟು, ಹಾಲಿನ ಗಟ್ಟಿ ಇಷ್ಟು ಎಂದು ಪಾಲು ಸಮೇತ ಹೇಳತೊಡಗಿದೆ. ಹೋಟೆಲಿನವರು ಜೇಬಿನಿಂದ ಕಾಗದ ತೆಗೆದು ಬರೆದುಕೊಳ್ಳತೊಡಗಿದರು.

ಮಾವಶಿ ಯಾರಿಗೂ ಕಾಯಲಿಲ್ಲ. ಒಳಗೆ ಹೋಗಿ ಹಿಟ್ಟಿನ ತಟ್ಟೆ ತಂದು, ಅಂಗಳದ ನಡುವೆ ನಿಂತು, ಬಳೆಯಿಂದ ಅದರ ಅಂಚನ್ನು ಬಡಿದಳು. ಮೇಲಿನ ಕಿರುಚಾಟ ನಿಂತಿತು. ಮೊದಲು ಒಂದು ಹಾರಿ ಬಂತು, ಹಿಂದೆ ಮೂರು, ಆಮೇಲೆ ಸಾಲು ಸಾಲಾಗಿ. ಅವಳು ತಟ್ಟೆ ಹಿಡಿದುಕೊಂಡೇ ಹಿಂದೆ ಹಿಂದೆ ನಡೆಯುತ್ತ ಶೆಡ್ಡಿನೊಳಗೆ ಹೋದಳು, ಅವು ಒಂದರ ಮೇಲೊಂದು ಬಿದ್ದು ತಟ್ಟೆಯ ಬೆನ್ನು ಹತ್ತಿ ಹೋದವು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ನಲವತ್ತೆರಡು.

"ಎರಡು ಇನ್ನೂ ಮ್ಯಾಲ ಅದಾವ, ಮಾವಶಿ," ಎಂದೆ.

"ಇರ್ಲಿ ಬಿಡ್ರಿ. ಹಸಿವಾದ್ರ ಇಳೀತಾವ," ಎಂದು ಒಳಗಿನಿಂದ ಅಂದಳು.

ಮಾಲೀಕರು, ಹೋಟೆಲಿನವರು ಚಹಾಕ್ಕೆ ಹೋದರು. ನಾನು ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡು ಅಲ್ಲೇ ನಿಂತೆ.